ಇಳಿಜಾರಿನ ಬೀದಿಯಲ್ಲಿ ಟೈರು ಪರೀಕ್ಷೆ

ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು, ಸಾರಕ್ಕಿ ಸಿಗ್ನಲ್ ದಾಟಿ ಬಲಕ್ಕೆ ಹೊರಳಿದರೆ ಕುಮಾರಸ್ವಾಮಿ ಲೇಔಟ್. ಶಾವಿಗೆ ಮಲ್ಲೇಶ್ವರ ಬೆಟ್ಟದ ಮೈಮೇಲೆ ಹರಡಿಕೊಂಡ ಬಡಾವಣೆಯಾದ್ದರಿಂದ ಇಲ್ಲಿ ಏರು, ಇಳಿಜಾರಿನ ಬೀದಿಗಳಿಗೆ ಕೊರತೆಯಿಲ್ಲ. ತರಕಾರಿ ಗಾಡಿಯವನು ಮೊದಲು ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಸೊಪ್ಪಿನ ಬೆಲೆ ಹೇಳುತ್ತಾನೆ. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಇಂಥದೊಂದು ಬೀದಿಯಲ್ಲಿ ನನ್ನ ಹಿರಿಯ ಮಿತ್ರರ ಮನೆ. ಷೆಡ್ಡಿನಲ್ಲಿ ಅವರ ತಂದೆಯ ಕಾಲದ ಫಿಯೆಟ್ 1100 ಇದೆ. ಬಾಲ್ಯದಲ್ಲಿ ಅಪ್ಪನೊಡನೆ ಮದ್ರಾಸಿನ ಬಳಿಯ ಶೋಳಾವರಕ್ಕೆ ಹೋಗಿ, ಯುದ್ಧಕಾಲದ ವಿಮಾನ ಓಡುದಾರಿಯ ಮೇಲೆ ಕಾರಿನ ಓಟ ನೋಡಿದವರು. ಆ ಓಟಗಳು ಈಗಿಲ್ಲ. 1990ರಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿ ಹೊಸ ಟ್ರ್ಯಾಕ್ ಬಂತು. ಹವ್ಯಾಸಿಗಳಿಗೆ ಅವಕಾಶ ಕೊಡುವ ದಿನ ಅಲ್ಲಿ ಒಮ್ಮೆ ಫಿಯೆಟ್ ಓಡಿಸಬೇಕೆಂಬುದು ಅವರ ಹಟ.

"ಮೇಷ್ಟ್ರೇ, ಟೈರನ್ನಾದರೂ ನೋಡಿ ಹೇಳಿ. ನನ್ನ ಮಾತು ಕೇಳೋದಿಲ್ಲ" ಎಂದರು ಅವರ ಮನೆಯವರು, ಕಾಫಿ ಕೊಡುತ್ತಾ.

ಅಟ್ಟದಲ್ಲಿ ಮಿತ್ರರು ಜೋಪಾನ ಮಾಡಿದ್ದ ಒಂದು ಜೊತೆ ಹಳೆಯ ಮಾದರಿಯ ಟೈರುಗಳಿದ್ದವು. ಒಮ್ಮೆಯೂ ರಸ್ತೆ ಕಾಣದ್ದರಿಂದ ಹಲ್ಲು ಹೊಸದರಂತೆಯೇ ಇತ್ತು. ಇವುಗಳಲ್ಲಿ ನೂಲಿನ ಪದರಗಳು ಒಂದಕ್ಕೊಂದು ಓರೆಯಾಗಿ ಹೆಣೆದಿರುತ್ತವೆ. ತಿರುವಿನಲ್ಲಿ ಪಕ್ಕದ ಗೋಡೆ ವಾಲಿದರೆ ತುಳಿಯುವ ಭಾಗವೂ ನೆಲ ಬಿಟ್ಟು ಏಳುತ್ತದೆ. ಹಿಡಿತ ಕಡಿಮೆ, ಆದರೆ ಜಾರುವ ಮುನ್ನ ಚಾಲಕನಿಗೆ ಸೂಚನೆ ಕೊಡುತ್ತವೆ. ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರಿನಲ್ಲಿ ನೂಲು ಅಡ್ಡಡ್ಡಲಾಗಿದ್ದು, ಮೇಲೆ ಗಟ್ಟಿ ಪಟ್ಟಿ ಇರುತ್ತದೆ. ಗೋಡೆ ಬಾಗಿದರೂ ಪಾದ ನೆಲದ ಮೇಲೇ ಇರುತ್ತದೆ. ಹಿಡಿತ ಹೆಚ್ಚು, ಬಿಟ್ಟರೆ ಮಾತ್ರ ತಟ್ಟನೆ ಬಿಡುತ್ತದೆ.

ಕಾರು, ಚಾಲಕ ಸೇರಿ ಸುಮಾರು ಒಂದು ಟನ್ ಎನ್ನೋಣ. ಗಾಳಿಯ ಒತ್ತಡ 26 ಪೌಂಡ್ ಇದ್ದರೆ ಪ್ರತಿ ಚಕ್ರ ನೆಲ ಮುಟ್ಟುವುದು ಸುಮಾರು 140 ಚದರ ಸೆಂಟಿಮೀಟರ್, ಅಂದರೆ ಒಂದು ಅಂಗೈಯಷ್ಟು ಜಾಗ. ಘರ್ಷಣೆ ವಿಸ್ತೀರ್ಣವನ್ನು ಅವಲಂಬಿಸಿಲ್ಲವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ರಬ್ಬರು ಆ ಮಾತು ಪೂರ್ತಿ ಕೇಳುವುದಿಲ್ಲ. ಅದು ನೆಲದ ತರಿಗಳೊಳಗೆ ಇಳಿದು ಕಚ್ಚಬೇಕು, ಅದಕ್ಕೆ ಮೆತ್ತಗಿರಬೇಕು.

ಪಂಕ್ಚರ್ ಅಂಗಡಿಯಾತನಿಂದ ಅದೇ ಅಳತೆಯ ಹೊಸ ರೇಡಿಯಲ್ ಒಂದನ್ನು ತರಿಸಿದೆವು. ಎರಡಕ್ಕೂ ಸಮನಾದ ಮರಳಿನ ಚೀಲ ಹೇರಿ, ಸಿಮೆಂಟು ನೆಲದ ಮೇಲೆ ಸ್ಪ್ರಿಂಗ್ ತಕ್ಕಡಿಯಿಂದ ಎಳೆದೆ. ಹೊಸದನ್ನು ಜರುಗಿಸಲು ಹೆಚ್ಚು ಬಲ ಬೇಕಾಯಿತು. ಹಳೆಯದರ ಮೇಲೆ ಉಗುರು ಒತ್ತಿದರೆ ಮರ ಒತ್ತಿದಂತಿತ್ತು. ಗೋಡೆಯ ಮೇಲಿನ ಅಂಕಿ ನೋಡಿದೆ: 3208. ಅಂದರೆ 2008ನೇ ಇಸವಿಯ 32ನೇ ವಾರ. ಅಟ್ಟದಲ್ಲಿದ್ದರೂ ಆಮ್ಲಜನಕ, ಓಜೋನ್ ತಮ್ಮ ಕೆಲಸ ಬಿಡುವುದಿಲ್ಲ. ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ.

"ಹಾಗಾದರೆ ರೇಸಿನ ಅಗಲ ಟೈರೇ ಹಾಕಿಬಿಡಿ ಸಾರ್" ಎಂದ ಅಂಗಡಿಯ ಹುಡುಗ. ಮಿತ್ರರ ಕಣ್ಣು ಅರಳಿತು. ನಾನು ಬೇಡವೆಂದೆ. ಟೈರು ನೆಲವನ್ನು ಬಲವಾಗಿ ಹಿಡಿದಷ್ಟೂ ತಿರುವಿನ ಬಲ ರಿಮ್ಮು, ಬೇರಿಂಗುಗಳ ಮೇಲೆ ಬೀಳುತ್ತದೆ. ಎತ್ತರದ ಹಳೆಯ ಬಾಡಿ ಇನ್ನಷ್ಟು ವಾಲುತ್ತದೆ. ತಯಾರಿಸಿದಾಗ ಆ ಕಾರು ಲೆಕ್ಕ ಹಾಕಿಕೊಂಡದ್ದು ಅಷ್ಟು ಹಿಡಿತಕ್ಕಲ್ಲ. ಮೂಲದಷ್ಟೇ ವ್ಯಾಸದ ಹೊಸ ರೇಡಿಯಲ್ ಸಾಕು, ಅದೂ ನಾಲ್ಕು ಚಕ್ರಕ್ಕೂ. ಎರಡು ಜಾತಿ ಬೆರೆಸುವುದು ಅಪಾಯ.

ಮಿತ್ರರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನಾಲ್ಕು ಟೈರು ಕೊಂಡರು. ಕಾರನ್ನು ಲಾರಿಯಲ್ಲಿ ಹೊತ್ತೊಯ್ದು, ಸುಮಾರು 300 ಕಿ.ಮೀ. ದೂರದ ಟ್ರ್ಯಾಕಿನಲ್ಲಿ ಆರು ಸುತ್ತು ಓಡಿಸಿ ಬಂದರು. ಎಲ್ಲರೂ ಹಿಂದೆ ಹಾಕಿದರಂತೆ.

ಆ 3208 ಈಗ ಅವರ ಅಂಗಳದಲ್ಲಿ ದಾಸವಾಳಕ್ಕೆ ಕಟ್ಟೆಯಾಗಿದೆ. ಓದುಗರೂ ತಮ್ಮ ಸ್ಕೂಟರಿನ ಟೈರಿನ ಮೇಲಿನ ನಾಲ್ಕು ಅಂಕಿಯನ್ನು ಇವತ್ತೇ ಒಮ್ಮೆ ನೋಡುವುದು ಒಳ್ಳೆಯದು.