ಯಲಹಂಕದ ಮನೆಗೆ ಧ್ರುವದ ದಾರಿ

ಯಲಹಂಕದಲ್ಲಿರುವ ನನ್ನ ತಂಗಿಯ ಮನೆಯ ಮಾಳಿಗೆಯ ಮೇಲೆ ನಿಂತರೆ ವಿಮಾನಗಳಿಗೆ ಬರವಿಲ್ಲ. ಒಂದೆಡೆ ಜಕ್ಕೂರಿನ ತರಬೇತಿ ವಿಮಾನಗಳು, ಇನ್ನೊಂದೆಡೆ ವಾಯುಪಡೆಯ ನೆಲೆ. 2008ರಿಂದೀಚೆಗೆ ಉತ್ತರದಲ್ಲಿ ದೇವನಹಳ್ಳಿಯ ನಿಲ್ದಾಣ. ಈ ಸದ್ದಿಗೆ ಒಗ್ಗಿಹೋಗಿದ್ದ ತಂಗಿ 2021ರ ಆರಂಭದಲ್ಲಿ ಒಂದು ರಾತ್ರಿ ಮಾತ್ರ ಕಣ್ಣು ಮುಚ್ಚಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿದ್ದ ಮೊಮ್ಮಗಳು ಉತ್ತರ ಧ್ರುವದ ಮೇಲಿಂದ ಬರಬಹುದೆಂದು ಯಾರೋ ಹೇಳಿದ್ದರು.

"ಅಣ್ಣಾ, ಪಶ್ಚಿಮದ ಊರಿನಿಂದ ಬರುವವಳು ಉತ್ತರಕ್ಕೇಕೆ ಹೋಗಬೇಕು?"

ವ್ಯಾಕರಣ ಪಾಠ ಹೇಳಿಯೇ ತಲೆ ನರೆತ ನನಗೂ ಇದು ಒಮ್ಮೆಗೇ ತಿಳಿಯಲಿಲ್ಲ. ಮಕ್ಕಳ ಗೋಲವನ್ನು ತಂದು ಎರಡೂ ಊರುಗಳ ನಡುವೆ ದಾರವನ್ನು ಬಿಗಿದು ಹಿಡಿದೆ. ಬೆಂಗಳೂರು ಪೂರ್ವ ರೇಖಾಂಶ ಸುಮಾರು 77½ರಲ್ಲಿದೆ, ಆ ಊರು ಪಶ್ಚಿಮ ರೇಖಾಂಶ 122½ರಲ್ಲಿ. ಕೂಡಿದರೆ 200. 180 ಆಗಿದ್ದರೆ ದಾರವು ಧ್ರುವಬಿಂದುವಿನ ಮೇಲೆಯೇ ಹಾಯುತ್ತಿತ್ತು. ಈಗಲೂ ಅದು ಆರ್ಕ್ಟಿಕ್ ವೃತ್ತವನ್ನು ದಾಟಿ ಸುಮಾರು 71ನೆಯ ಅಕ್ಷಾಂಶದವರೆಗೆ ಏರುತ್ತದೆ. ಅಲ್ಲಿಂದಾಚೆ ಎಷ್ಟು ಸರಿಯಬೇಕೆಂಬುದನ್ನು ಬಹುಮಟ್ಟಿಗೆ ಗಾಳಿಯೇ ತೀರ್ಮಾನಿಸುತ್ತದೆ. ಚಪ್ಪಟೆ ನಕ್ಷೆಯಲ್ಲಿ ಸುತ್ತುದಾರಿಯಾಗಿ ತೋರುವುದು ದುಂಡು ಭೂಮಿಯಲ್ಲಿ ಹತ್ತಿರದ ದಾರಿ!

ಆ ವರ್ಷ ಜನವರಿ 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿಳಿದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವು ಧ್ರುವದ ಮೇಲಿಂದಲೇ ಹಾಯ್ದು ಸುಮಾರು 16,000 ಕಿಲೋಮೀಟರು ಕ್ರಮಿಸಿತ್ತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಚಾಲಕರು. ಇದನ್ನು ಹೇಳಿದಾಗ ತಂಗಿಯ ಮುಖ ಅರಳಿತು, ಮರುಕ್ಷಣವೇ, "ನಡುವೆ ಇಳಿಯಬೇಕಾಗಿ ಬಂದರೆ ಅಲ್ಲಿ ಯಾರಿದ್ದಾರೆ?" ಎಂದಳು.

ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ಅಲ್ಲಿ ಇಳಿಯಬಲ್ಲ ನಿಲ್ದಾಣಗಳು ವಿರಳ, ಒಂದಕ್ಕೊಂದು ದೂರ. ಅವನ್ನು ಮೊದಲೇ ಗೊತ್ತುಮಾಡಿಕೊಂಡೇ ಹೊರಡುತ್ತಾರೆ, ಕಡುಚಳಿಯ ಉಡುಪುಗಳನ್ನೂ ವಿಮಾನದಲ್ಲಿ ಇರಿಸಿಕೊಳ್ಳುತ್ತಾರೆ. ಕಾಂತದ ದಿಕ್ಸೂಚಿಯನ್ನು ಅಲ್ಲಿ ನಂಬುವಂತಿಲ್ಲ. ಸೂರ್ಯನಲ್ಲಿ ಬಿರುಗಾಳಿಯೆದ್ದರೆ ರೇಡಿಯೋ ಸಂಪರ್ಕ ಕೆಡುತ್ತದೆ. ಎಲ್ಲಕ್ಕಿಂತ ನಾಜೂಕಾದುದು ರೆಕ್ಕೆಯೊಳಗಿನ ಇಂಧನ. ಅಮೆರಿಕದಲ್ಲಿ ತುಂಬಿಸುವ ಸಾಮಾನ್ಯ ವಿಮಾನ ಇಂಧನದ ಹೆಪ್ಪುಗಟ್ಟುವ ಮಿತಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರುತ್ತದೆ. ಆದುದರಿಂದ ಚಾಲಕರು ಇಂಧನದ ಉಷ್ಣತೆಯ ಮೇಲೆ ಕಣ್ಣಿಟ್ಟಿದ್ದು, ಅಗತ್ಯ ಬಿದ್ದರೆ ವೇಗ ಹೆಚ್ಚಿಸುತ್ತಾರೆ, ಇಲ್ಲವೆ ಬೆಚ್ಚಗಿನ ಗಾಳಿಯಿರುವ ಎತ್ತರಕ್ಕೆ ಸರಿಯುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೂ ಆಕೆ ಮಲಗಲಿಲ್ಲ. ನಾನೂ ಕುಳಿತೇ ಇದ್ದೆ.

ನಸುಕಿನಲ್ಲಿ ಕಾರು ಬಂದು ನಿಂತಿತು. ಮೊಮ್ಮಗಳು ಕಾಲಿಗೆ ನಮಸ್ಕರಿಸಿ ಏಳುವ ಮೊದಲೇ ತಂಗಿ ಧ್ರುವದ ಸುದ್ದಿ ಕೇಳಿದಳು. ಅಂದಿನ ಗಾಳಿಗೆ ತಕ್ಕಂತೆ ವಿಮಾನವು ಅಟ್ಲಾಂಟಿಕ್ ದಾಟಿ ಯುರೋಪಿನ ಮೇಲಿಂದ ಬಂದಿತ್ತಂತೆ! ತಂಗಿ ನನ್ನತ್ತ ನೋಡಿದಳು. ನಾನು ದಾರವನ್ನು ಮೆಲ್ಲನೆ ಸುತ್ತಿಟ್ಟೆ.