ಎಂಬತ್ತನಾಲ್ಕು ಕಂತು

ಬಾಗಿಲು ಮುಚ್ಚಿದ ಕೂಡಲೇ ಗೋಕುಲ ರಸ್ತೆಯ ಗದ್ದಲ ನಿಂತುಹೋಗುತ್ತದೆ. ಹೊರಗೆ ಮಳೆ ಇದೆ, ಸಿಟಿ ಬಸ್ಸಿನ ಹಾರ್ನ್ ಇದೆ, ಷೋರೂಮಿನ ತುಂಬ ಜನರ ಮಾತಿದೆ. ಒಳಗೆ ನಿಮ್ಮ ಉಸಿರಿನ ಸದ್ದಷ್ಟೇ. ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ ನೀವು ಅಲುಗಿದಾಗಲೆಲ್ಲ ಸರಸರ ಎನ್ನುತ್ತದೆ. ಹೊಸ ರಬ್ಬರು, ಅಂಟು, ಬಟ್ಟೆ ಎಲ್ಲ ಸೇರಿದ ಆ ವಾಸನೆಯನ್ನು ನೀವು ಬೇಕೆಂದೇ ಇನ್ನೊಮ್ಮೆ ಎಳೆದುಕೊಳ್ಳುತ್ತೀರಿ. ಹಿಂದಿನ ಸೀಟಿನಲ್ಲಿ ಮಗಳು ಎರಡೂ ಕೈ ಚಾಚಿ ಅಗಲ ಅಳೆಯುತ್ತಿದ್ದಾಳೆ. ಹೋದ ವಾರ ಇಂಥದೇ ಮಳೆಯಲ್ಲಿ ಸ್ಕೂಟರಿನ ಮೇಲೆ ನಿಮ್ಮ ಬೆನ್ನಿಗೆ ಅಂಟಿ, ಹಲ್ಲು ಕಟಕಟಿಸುತ್ತ ಶಾಲೆಯಿಂದ ಬಂದವಳು ಅವಳು. ಕಾರು ಬೇಕು ಅನ್ನಿಸುವುದರಲ್ಲಿ ತಪ್ಪೇನೂ ಇಲ್ಲ.

ಸೇಲ್ಸ್ ಹುಡುಗ ಕಿಟಕಿಯ ಪಕ್ಕ ಬಗ್ಗುತ್ತಾನೆ. "ಖಂಡೆಪೂಜಿಗೆ ಗಾಡಿ ಮನಿ ಮುಂದ ಇರಬೇಕಂದ್ರ ಇವತ್ತ ಬುಕ್ ಮಾಡ್ರಿ ಸರ್. ನಾಳಿಗೆ ಈ ಕಲರ್ ಸಿಗೂದಿಲ್ಲ."

ಅವನ ಮಾತು ಪೂರ್ತಿ ಸುಳ್ಳಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಮೇಲಿನ ಸೆಸ್ಸೂ ಹೋಗಿದೆ. ಹಬ್ಬಕ್ಕೆ ವಾರ ಉಳಿದಿದೆ, ಬೆಲೆ ಇಳಿದಿದೆ, ಹುಬ್ಬಳ್ಳಿಯ ಅರ್ಧ ಊರು ಇಲ್ಲೇ ನೆರೆದ ಹಾಗಿದೆ. ಮೂಲೆಯಲ್ಲಿ ಯಾರದೋ ಕಾರಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯುತ್ತಿದ್ದಾರೆ. ಕರ್ಪೂರದ ಹೊಗೆ ಎಸಿ ಗಾಳಿಯಲ್ಲಿ ತೇಲಿ ನಿಮ್ಮ ತನಕ ಬರುತ್ತದೆ. ಚಕ್ರದಡಿ ನಿಂಬೆಹಣ್ಣು ಪಚಕ್ಕೆನ್ನುತ್ತದೆ, ಚಪ್ಪಾಳೆ ಬೀಳುತ್ತದೆ.

ಮೇಜಿನ ಮುಂದೆ ಕೂರುತ್ತೀರಿ. ಎಕ್ಸ್‌ಷೋರೂಮ್ 9,00,000 ರೂಪಾಯಿ. ಐದು ಲಕ್ಷ ದಾಟಿದ, ಹತ್ತು ಲಕ್ಷದೊಳಗಿನ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇ. 14, ಅದರ ಮೇಲೆ ಸೆಸ್. ಇನ್ಶೂರೆನ್ಸ್, ನೋಂದಣಿ ಎಲ್ಲ ಸೇರಿ ರಸ್ತೆಗಿಳಿಯುವ ಹೊತ್ತಿಗೆ 10,90,000. ನಿಮ್ಮ ಕೈಯಲ್ಲಿ 1,90,000 ಇದೆ. ಉಳಿದ ಒಂಬತ್ತು ಲಕ್ಷ ಸಾಲ.

"ತಿಂಗಳಿಗೆ ಎಷ್ಟ ಕಟ್ಟಾಕ ಆಗತೈತ್ರಿ ಸರ್?"

ಈ ಪ್ರಶ್ನೆಯನ್ನು ಗುರುತಿಟ್ಟುಕೊಳ್ಳಿ. ಕಾರಿಗೆ ಒಟ್ಟು ಎಷ್ಟು ಕೊಡುತ್ತೀರಿ ಎಂದು ಅವನು ಕೇಳಲಿಲ್ಲ, ಮುಂದೆಯೂ ಕೇಳುವುದಿಲ್ಲ. ನೀವು ಉತ್ತರ ಹುಡುಕುತ್ತಿರುವಾಗಲೇ ಅವನ ಬೆರಳು ಟ್ಯಾಬಿನ ಮೇಲೆ ಜಾರುತ್ತದೆ. ಬಡ್ಡಿ ಶೇ. 9.5. ನಾಲ್ಕು ವರ್ಷಕ್ಕೆ ಕಂತು 22,611. ನಿಮ್ಮ ಹೊಟ್ಟೆಯೊಳಗೆ ಏನೋ ಬಿಗಿಯುತ್ತದೆ. ಐದು ವರ್ಷಕ್ಕೆ 18,902. ಇನ್ನೂ ಬಿಗಿ. ಬೆರಳು ಬಲತುದಿಗೆ ಹೋಗಿ ನಿಲ್ಲುತ್ತದೆ: 84 ತಿಂಗಳು, 14,710.

ಹೆಗಲು ಸಡಿಲವಾಗುತ್ತದೆ. ಬೆನ್ನು ಕುರ್ಚಿಗೆ ಒರಗುತ್ತದೆ. ಪಕ್ಕದಲ್ಲಿ ಕೂತ ಹೆಂಡತಿಯ ಮುಖ ನೋಡುತ್ತೀರಿ, ಇಬ್ಬರಿಗೂ ಒಟ್ಟಿಗೆ ಸಣ್ಣ ನಗು ಬರುತ್ತದೆ. ತಲೆ ಇನ್ನೂ ಲೆಕ್ಕ ಶುರುಮಾಡಿಲ್ಲ, ಮೈ ಆಗಲೇ ಒಪ್ಪಿಬಿಟ್ಟಿದೆ. ಕಾರಿನ ಬೆಲೆ ಒಂದು ರೂಪಾಯಿಯೂ ಇಳಿದಿಲ್ಲ.

"ಒಂದ್ ರೌಂಡ್ ಹೊಡ್ಕೊಂಡ್ ಬರೂಣ್ರಿ ಸರ್."

ವಿಮಾನ ನಿಲ್ದಾಣದ ಕಡೆಗೆ ತಿರುಗುತ್ತೀರಿ. ವೈಪರ್ ಒಂದು ಸಲ ಒರೆಸಿದರೆ ರಸ್ತೆ ಕಾಣುತ್ತದೆ, ಮರುಕ್ಷಣ ಕರಗುತ್ತದೆ. ಎತ್ತರದ ಸೀಟು, ಹಗುರ ಸ್ಟಿಯರಿಂಗ್, ಕಾಲಡಿಯಲ್ಲಿ ಎಂಜಿನ್ನಿನ ಮೆಲು ನಡುಕ. ಎಷ್ಟೋ ವರ್ಷದಿಂದ ಮಳೆಯನ್ನು ಮೈಮೇಲೆ ತೆಗೆದುಕೊಂಡವರಿಗೆ ಮಳೆಯನ್ನು ಗಾಜಿನಾಚೆ ನೋಡುವುದೇ ದೊಡ್ಡ ಸುಖ. ಮೂರನೇ ಗೇರ್ ಹಾಕುತ್ತೀರಿ.

ಮುಂದಿದ್ದ ಟಂಟಂ ಸೂಚನೆಯಿಲ್ಲದೆ ಬಲಕ್ಕೆ ಹೊರಳುತ್ತದೆ. ಕಾಲು ಬ್ರೇಕಿಗೆ. ಪೆಡಲಿನಡಿ ಗಡಗಡ. ಬೆಲ್ಟ್ ಎದೆಗೆ ಬಿಗಿಯುತ್ತದೆ. ಹಿಂದಿನಿಂದ ಮಗಳ ಚೀರು. ಲಾರಿಯ ಹಾರ್ನ್ ಎಲ್ಲಿಂದಲೋ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ, ಆಮೇಲೆ ಬದಿಗೆ. ಕಾರು ನಿಂತಿದೆ. ಟಂಟಂಗೂ ನಿಮಗೂ ನಡುವೆ ಒಂದು ಮೊಳ.

"ಎಬಿಎಸ್ ಸರ್! ಹೆಂಗ ಹಿಡೀತು ನೋಡ್ರಿ!" ಎನ್ನುತ್ತಾನೆ ಹುಡುಗ.

ನಿಮ್ಮ ಅಂಗೈ ಒದ್ದೆ. ನಾಲಿಗೆ ಒಣಗಿದೆ. ಹಿಡಿಯದೆ ಹೋಗಿದ್ದರೆ? ಜೀವದ ಮಾತು ಎಲ್ಲಕ್ಕಿಂತ ಮೊದಲು. ಎಲ್ಲರೂ ಉಳಿದರು, ಕಾರಷ್ಟೇ ನಜ್ಜುಗುಜ್ಜಾಯಿತು ಎಂದುಕೊಳ್ಳಿ. ಇವತ್ತಲ್ಲ, ಮೂರು ವರ್ಷ ತುಂಬಿದ ಮೇಲೆ, ಧಾರವಾಡ ಬೈಪಾಸಿನಲ್ಲಿ, ಇಂಥದೇ ಮಳೆಯ ರಾತ್ರಿ. ದುರಸ್ತಿ ಖರ್ಚು ವಿಮೆಯ ಘೋಷಿತ ಮೌಲ್ಯದ ಮುಕ್ಕಾಲು ಪಾಲು ದಾಟಿದರೆ ಕಂಪನಿ ಅದನ್ನು ಪೂರ್ತಿ ನಷ್ಟ ಎನ್ನುತ್ತದೆ. ಆ ಘೋಷಿತ ಮೌಲ್ಯ, ಎಲ್ಲರ ಬಾಯಲ್ಲಿ ಐಡಿವಿ, ನೀವು ಕಟ್ಟಿದ 10,90,000ದಿಂದ ಲೆಕ್ಕವಾಗುವುದಿಲ್ಲ. ರಸ್ತೆ ತೆರಿಗೆ ಅದರೊಳಗಿಲ್ಲ. ಒಂಬತ್ತು ಲಕ್ಷದಿಂದ ಶುರುವಾಗಿ, ಎರಡು ವರ್ಷ ದಾಟಿದಾಗ ಶೇ. 30, ಮೂರು ದಾಟಿದಾಗ 40, ನಾಲ್ಕು ದಾಟಿದಾಗ 50 ಕಳೆಯುತ್ತದೆ. ಅಂದರೆ ಆ ರಾತ್ರಿ ನಿಮ್ಮ ಕಾರಿಗೆ ವಿಮೆಯ ಬೆಲೆ 5,40,000.

ಸಾಲ? 36 ಕಂತು ತಪ್ಪದೆ ಕಟ್ಟಿದ್ದೀರಿ, ಒಟ್ಟು 5,29,560 ರೂಪಾಯಿ. ಅದರಲ್ಲಿ ಅಸಲಿಗೆ ಹೋದದ್ದು 3,14,500. ಇನ್ನೂ 5,85,500 ಬಾಕಿ. ವಿಮೆಯ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ, ಏಕೆಂದರೆ ಆರ್‌ಸಿಯಲ್ಲಿ ಅಡಮಾನ ಅದರ ಹೆಸರಿನಲ್ಲಿದೆ. ಎಲ್ಲ ಹೋದ ಮೇಲೂ ನೀವು 45,500 ಕೊಡಬೇಕು. ಕಾರಿಲ್ಲ. ಮುಂಗಡಕ್ಕೆ ಕೂಡಿಟ್ಟ 1,90,000 ಇಲ್ಲ. ಸ್ಕೂಟರನ್ನು ಆಗಲೇ ಮಾರಿದ್ದೀರಿ.

ಎರಡು ವರ್ಷಕ್ಕೇ ಹೀಗಾದರೆ ಇನ್ನೂ ಕಷ್ಟ: ಬಾಕಿ ಏಳು ಲಕ್ಷ, ಐಡಿವಿ 6,30,000. ನಾಲ್ಕು ವರ್ಷ ದಾಟಿದಾಗಲೂ ಸಾಲವೇ ಒಂಬತ್ತು ಸಾವಿರ ಮುಂದೆ. ಏಳು ವರ್ಷದ ಸಾಲದಲ್ಲಿ ಮೊದಲ ನಾಲ್ಕು ವರ್ಷ, ಒಂದೊಂದು ವರ್ಷ ದಾಟುವ ಹೊತ್ತಿಗೂ ವಿಮೆಯ ಪುಸ್ತಕದಲ್ಲಿ ನಿಮ್ಮ ಕಾರು ನಿಮ್ಮ ಸಾಲಕ್ಕಿಂತ ಅಗ್ಗ. ಮಾರಲು ಹೋದರೆ ಹಳೆ ಕಾರಿನ ಪೇಟೆಯಲ್ಲಿ ಇದಕ್ಕಿಂತ ಹೆಚ್ಚು ಸಿಗಬಹುದು. ಆದರೆ ಅಪಘಾತದ ಮರುದಿನ ಪೇಟೆಯ ಬೆಲೆ ಯಾರೂ ಕೊಡುವುದಿಲ್ಲ. ಬಿಲ್ಲಿನ ಪೂರ್ತಿ ಬೆಲೆ ಕೊಡುವ 'ರಿಟರ್ನ್ ಟು ಇನ್‌ವಾಯ್ಸ್' ಎಂಬ ಹೆಚ್ಚುವರಿ ವಿಮೆ ಇದೆ, ಸಾಲದ ಕಾರಿಗೆ ಅದು ಇರಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಅದು ಮೊದಲ ಕೆಲವು ವರ್ಷಕ್ಕಷ್ಟೇ ಸಿಗುತ್ತದೆ.

ಷೋರೂಮಿಗೆ ಮರಳಿದಾಗ ಮೇಜಿನ ಮೇಲೆ ಬಿಸಿ ಚಹಾ ಕಾಯುತ್ತಿದೆ. ಜೊತೆಗೆ ಸಾಲದ ಏಜೆಂಟ್ ಕೂಡ. ನಿಮ್ಮ ಮುಖ ನೋಡಿಯೇ ಅವನು ದನಿ ತಗ್ಗಿಸುತ್ತಾನೆ. "ನಿಮಗಂತ ಫ್ಲಾಟ್ 5.33ಕ್ಕ ಮಾಡಿಸಿ ಕೊಡ್ತೀನ್ರಿ. 9.5 ಬಿಡ್ರಿ."

ಐದು ಎಲ್ಲಿ, ಒಂಬತ್ತೂವರೆ ಎಲ್ಲಿ! ಎದೆ ಮತ್ತೆ ಹಗುರವಾಗುತ್ತದೆ. ತಡೆಯಿರಿ. ಫ್ಲಾಟ್ ಎಂದರೆ ಏಳು ವರ್ಷವೂ ಪೂರ್ತಿ ಒಂಬತ್ತು ಲಕ್ಷದ ಮೇಲೆ ಬಡ್ಡಿ. ಕೊನೆಯ ವರ್ಷ ನಿಮ್ಮ ಸಾಲ ಲಕ್ಷವೊಂದಕ್ಕೆ ಇಳಿದಿದ್ದರೂ ಬಡ್ಡಿ ಒಂಬತ್ತಕ್ಕೇ. ಗುಣಿಸಿ ನೋಡಿ: ಎರಡೂ ದಾರಿಯಲ್ಲಿ ಬಡ್ಡಿ 3,35,000 ಚಿಲ್ಲರೆ. ಒಂದೇ ಹಣ.

ಹುಡುಗ ಮತ್ತೆ ಬಾಯಿ ಹಾಕುತ್ತಾನೆ. "ಏಳ ವರ್ಷ ತಗೋರಿ ಸರ್, ಬೋನಸ್ ಬಂದಾಗ ಕಟ್ಟಿ ಮುಗಿಸಿಬಿಡ್ರಿ." ಇದು ಒಳ್ಳೆಯ ಮಾತೇ, ಕಾಗದ ಒಪ್ಪಿದರೆ. ಬದಲಾಗುವ ಬಡ್ಡಿಯ ಸಾಲವನ್ನು ಮೊದಲೇ ತೀರಿಸಿದರೆ ವೈಯಕ್ತಿಕ ಸಾಲಗಾರರಿಂದ ದಂಡ ವಸೂಲಿ ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಕಾರು ಸಾಲ ಬಹಳಷ್ಟು ಸ್ಥಿರ ಬಡ್ಡಿಯವು, ಅಲ್ಲಿ ಶುಲ್ಕ ಬೀಳಬಹುದು. ತಾರಿಹಾಳದ ನಿಮ್ಮ ಕಾರ್ಖಾನೆಯಲ್ಲಿ ಪ್ರತಿ ವರ್ಷ ಬೋನಸ್ ಬಂದೇ ಬರುತ್ತದೆಂದು ಬರೆದುಕೊಟ್ಟವರೂ ಇಲ್ಲ.

ಪೆನ್ನು ನಿಮ್ಮ ಮುಂದೆ ಇದೆ. ಕಂತು ತಾನಾಗಿಯೇ ಖಾತೆಯಿಂದ ಕಡಿತವಾಗುವ ಒಪ್ಪಿಗೆ ಪತ್ರದಲ್ಲಿ ಸಹಿಯ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದ್ದಾರೆ. ಇವತ್ತು ರಾತ್ರಿ ಎಂಟರ ತನಕ ಮಾತ್ರ ಈ ಆಫರ್, ಎನ್ನುತ್ತಾನೆ ಏಜೆಂಟ್. ಗಡಿಯಾರದಲ್ಲಿ ಏಳೂ ಇಪ್ಪತ್ತು. ಕಿವಿಯ ಹಿಂದೆ ರಕ್ತ ಬಡಿಯುವುದು ಕೇಳಿಸುತ್ತದೆ. ಎಲ್ಲರೂ ನಿಮ್ಮ ಬೆರಳನ್ನೇ ನೋಡುತ್ತಿದ್ದಾರೆ.

"ಕೆಎಫ್ಎಸ್ ಕೊಡ್ರಿ," ಎನ್ನುತ್ತೀರಿ. ದನಿ ಅಂದುಕೊಂಡದ್ದಕ್ಕಿಂತ ಮೆಲ್ಲಗೆ ಬರುತ್ತದೆ. "ಕನ್ನಡದಾಗ."

ಇದು ನಿಮ್ಮ ಹಕ್ಕು. 2024ರ ಅಕ್ಟೋಬರ್ 1ರಿಂದ ಇಂಥ ಪ್ರತಿ ಸಾಲಕ್ಕೂ ಕೆಎಫ್ಎಸ್ ಎಂಬ ಮುಖ್ಯಾಂಶಗಳ ಹೇಳಿಕೆಯನ್ನು ಮೊದಲೇ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟು ವಿವರಿಸಬೇಕು. ಸಂಸ್ಕರಣಾ ಶುಲ್ಕವೂ ಸೇರಿದ ನಿಜವಾದ ವಾರ್ಷಿಕ ದರ, ಒಟ್ಟು ಬಡ್ಡಿ, ಅವಧಿಗೆ ಮುಂಚೆ ತೀರಿಸಿದರೆ ಬೀಳುವ ಶುಲ್ಕ ಎಲ್ಲ ಅದರಲ್ಲಿರಬೇಕು. ಆ ಕಾಗದಕ್ಕೆ ಕನಿಷ್ಠ ಮೂರು ಕೆಲಸದ ದಿನಗಳ ಸಿಂಧುತ್ವ ಇರುತ್ತದೆ. ಅದರಲ್ಲಿ ಬರೆದ ಷರತ್ತು ರಾತ್ರಿ ಎಂಟಕ್ಕೆ ಮುಗಿಯುವಂತಿಲ್ಲ.

ಏಜೆಂಟ್ ಫೋನು ಹಿಡಿದು ಎದ್ದು ಹೋಗುತ್ತಾನೆ. ಚಹಾ ಆರಿದೆ.

ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಹಂಚಿನ ಮೇಲೆ ಜೋಳದ ಹಿಟ್ಟು ಸುಡುವ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತದೆ, ಕೊನೆಗೂ. ಅಡುಗೆಮನೆಯ ಹೊಸ್ತಿಲ ಬಳಿ ಕೂತು ಮಗಳ ಹಳೆ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತೀರಿ. ಕೈಗೆ ಬರುವ ಸಂಬಳ 64,000. ಬಾಡಿಗೆ, ಶಾಲೆ, ಅವ್ವನ ಔಷಧಿ, ಕಿರಾಣಿ, ಎಲ್‌ಐಸಿ ಕಳೆದು ಉಳಿಯುವುದು ಸುಮಾರು 24,000. ಕಾರು ಬಂದರೆ ಪೆಟ್ರೋಲೂ ಇದರಲ್ಲೇ, ಅದು ಲೀಟರಿಗೆ ನೂರು ದಾಟಿದೆ. ವರ್ಷವರ್ಷದ ವಿಮೆ, ಸರ್ವಿಸ್, ಟೈರು. ಕಂತಿಗೆ ಉಳಿಯುವುದು ಸುಮಾರು ಹದಿನೈದು ಸಾವಿರ, ಹೆಚ್ಚಿಲ್ಲ.

ಹೆಂಡತಿ ರೊಟ್ಟಿ ಮಗುಚುತ್ತ ಹೇಳುತ್ತಾಳೆ: "ರೀ, ಏಳ ವರ್ಷ ಅಂದ್ರ ಈಕಿ ಪಿಯುಸಿ ಮುಗಸ್ತಾಳ. ಈಗ ಐದನೇತ್ತಾ ಐತಿ."

ಪೆನ್ನು ನಿಲ್ಲುತ್ತದೆ. ಹತ್ತನೇ ತರಗತಿ, ಪಿಯುಸಿ ಮೊದಲ ವರ್ಷ, ಎರಡನೇ ವರ್ಷ. ಟ್ಯೂಷನ್ನು, ಕಾಲೇಜು, ಪರೀಕ್ಷೆಯ ಅರ್ಜಿಗಳು, ಬೇರೆ ಊರಿನ ಹಾಸ್ಟೆಲ್. ಹಣ ಅತಿ ಹೆಚ್ಚು ಬೇಕಾದ ಆ ಮೂರು ವರ್ಷವೂ ತಿಂಗಳಿಗೆ 14,710, ಅದೂ ಆಗಲೇ ಹಳತಾದ ಕಾರಿಗೆ. ಕೂಡಿಸಿದರೆ 5,29,560. ಹಾಳೆಯ ಮೇಲಿನ ಆ ಅಂಕಿಯನ್ನು ನೀವು ಬಹಳ ಹೊತ್ತು ನೋಡುತ್ತೀರಿ.

ಅದೇ ಷೋರೂಮಿನ ಗೋಡೆ ಪಕ್ಕ ನಿಂತಿದ್ದ ಸಣ್ಣ ಕಾರು ನೆನಪಾಗುತ್ತದೆ. ಎಕ್ಸ್‌ಷೋರೂಮ್ 6,60,000, ರಸ್ತೆಗೆ 7,90,000. ಅದೇ ಮುಂಗಡ ಕೊಟ್ಟರೆ ಸಾಲ ಆರು ಲಕ್ಷ. ನಾಲ್ಕು ವರ್ಷಕ್ಕೆ, ಅದೇ 9.5ಕ್ಕೆ, ಕಂತು ಎಷ್ಟು? ಮೊಬೈಲಿನಲ್ಲಿ ಒತ್ತುತ್ತೀರಿ. 15,074.

ಮತ್ತೊಮ್ಮೆ ಒತ್ತುತ್ತೀರಿ. ಅದೇ ಬರುತ್ತದೆ. ತಿಂಗಳಿಗೆ 364 ರೂಪಾಯಿ ಹೆಚ್ಚು, ಮತ್ತು ಮಗಳು ಹತ್ತನೇ ತರಗತಿಗೆ ಕಾಲಿಡುವ ಹೊತ್ತಿಗೆ ಸಾಲ ಇಲ್ಲ. ಬಡ್ಡಿ 3,35,600 ಅಲ್ಲ, 1,23,500. ಎರಡು ವರ್ಷ ದಾಟಿದಾಗ ಈ ಕಾರಿನ ಐಡಿವಿ 4,62,000, ಬಾಕಿ 3,28,300. ಶುರುವಿನಿಂದ ಕೊನೆಯ ತನಕ ಯಾವ ದಿನವೂ ಸಾಲ ಕಾರನ್ನು ಮೀರುವುದಿಲ್ಲ.

ಬಿಟ್ಟುಕೊಡುವುದು ಸುಲಭವಲ್ಲ. ಆ ಎತ್ತರದ ಸೀಟು, ಸನ್‌ರೂಫಿನಿಂದ ತಲೆ ಹೊರಹಾಕುವ ಮಗಳ ಕನಸು, ಓಣಿಯವರ ಕಣ್ಣು ಎಲ್ಲ ಎದೆಯಲ್ಲಿ ಭಾರವಾಗಿ ಕೂತಿವೆ. ಇವುಗಳಲ್ಲಿ ಒಂದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುವೆ, ಅದು ಸುರಕ್ಷತೆ. ಅಂಗೈ ಒದ್ದೆ ಮಾಡಿಸಿದ ಆ ಎಬಿಎಸ್ 2019ರಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ, ಸಣ್ಣದರಲ್ಲೂ ಇದೆ. ಏರ್‌ಬ್ಯಾಗ್ ಎಷ್ಟು, ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎಷ್ಟು ನಕ್ಷತ್ರ ಎಂದು ನೋಡಿ. ಅಲ್ಲಿ ಕೊರತೆಯಿದ್ದರೆ ಅದೇ ಬೆಲೆಯ ಬೇರೆ ಕಾರು ಹುಡುಕಿ, ಇಲ್ಲವೇ ವರ್ಷ ತಡೆದು ಮುಂಗಡ ಹೆಚ್ಚಿಸಿಕೊಳ್ಳಿ. ಅವಧಿ ಮಾತ್ರ ಹಿಗ್ಗಿಸಬೇಡಿ. ಕಂತು ಜೇಬಿಗೆ ಹೊಂದಲು 84 ತಿಂಗಳೇ ಬೇಕಾದರೆ ಆ ಕಾರು ನಿಮ್ಮ ಸಂಬಳಕ್ಕೆ ದೊಡ್ಡದು.

ಮೂರನೆಯ ದಿನ ಅದೇ ಮೇಜು, ಅದೇ ಪೆನ್ನು. ಕನ್ನಡದ ಹೇಳಿಕೆಯನ್ನು ಸಾಲುಸಾಲಾಗಿ ಓದುತ್ತೀರಿ. ಆರು ಲಕ್ಷ, 48 ತಿಂಗಳು. ಕೈ ನಡುಗುವುದಿಲ್ಲ. ಸಹಿ ಹಾಕುತ್ತೀರಿ.

ಕೊನೆಯ ಕಂತು ಕಟ್ಟಿದ ದಿನ ಒಂದು ಕೆಲಸ ಮರೆಯಬೇಡಿ: ಬ್ಯಾಂಕಿನಿಂದ ಎನ್‌ಒಸಿಯನ್ನೂ ಸಹಿ ಮಾಡಿದ ಫಾರ್ಮ್ 35ನ್ನೂ ಪಡೆದು ಆರ್‌ಟಿಒಗೆ ಸಲ್ಲಿಸಿ. ಸಾಲ ತೀರಿದ ಮೇಲೂ ಅದನ್ನು ಕೊಡುವ ತನಕ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇರುತ್ತದೆ.