ಕಿರುಚಿಪ್ಪುಗಳ ಸಾಕ್ಷ್ಯ

ಸಾಸಿವೆಕಾಳು ಎಷ್ಟು ಚಿಕ್ಕದು! ಅದಕ್ಕಿಂತಲೂ ಕಿರಿದಾದ ಚಿಪ್ಪನ್ನು ಹೊತ್ತ ಏಕಕೋಶಜೀವಿಗಳು ಕಡಲಿನಲ್ಲಿ ಅಸಂಖ್ಯವಾಗಿವೆ. ಇವಕ್ಕೆ ಫೊರಾಮಿನಿಫೆರ ಎಂದು ಹೆಸರು. ಜೀವಿ ಸತ್ತಾಗ ಅದರ ಸುಣ್ಣದ ಚಿಪ್ಪು ಕಡಲತಳದ ಕೆಸರಿನಲ್ಲಿ ಹುದುಗುತ್ತದೆ. ಕೆಸರು ಶಿಲೆಯಾದಾಗ ತಾನೂ ಅದರ ಭಾಗವಾಗುತ್ತದೆ. ಇವುಗಳಲ್ಲಿ ಕೆಲವು ಪ್ರಭೇದಗಳು ಕಡಲುಗಳಲ್ಲೆಲ್ಲ ಹರಡಿ, ಕೆಲವೇ ದಶಲಕ್ಷ ವರ್ಷಗಳಲ್ಲಿ ಅಳಿದುಹೋದವು. ಅಳಿದದ್ದು ಮರಳಿ ಬಾರದು. ಆದುದರಿಂದ ದೂರದೂರದ ಎರಡು ಶಿಲಾಸ್ತರಗಳಲ್ಲಿ ಇಂತಹ ಒಂದೇ ಪ್ರಭೇದ ದೊರೆತರೆ ಅವೆರಡೂ ಹೆಚ್ಚುಕಡಿಮೆ ಒಂದೇ ಕಾಲದವೆನ್ನಬಹುದು.

1921ರಲ್ಲಿ ಅಮೆರಿಕದ ಭೂವಿಜ್ಞಾನಿಗಳ ಸಭೆಯೊಂದರಲ್ಲಿ ಈ ಮಾತನ್ನು ಎತ್ತಿದವಳು ಎಸ್ತರ್ ರಿಚರ್ಡ್ಸ್ ಎಂಬ ತರುಣಿ. ವಿವಾಹಾನಂತರ ಎಸ್ತರ್ ಆಪ್ಲಿನ್ ಎಂದೇ ಪ್ರಸಿದ್ಧಳಾದಳು. ಎಣ್ಣೆಬಾವಿಗಳ ಸ್ತರಗಳ ಕಾಲವನ್ನು ಕಿರುಚಿಪ್ಪುಗಳಿಂದ ಗೊತ್ತುಮಾಡಬಹುದೆಂಬುದು ಆಕೆಯ ವಾದ. ಪ್ರಾಧ್ಯಾಪಕ ಗ್ಯಾಲೋವೇ ತುಂಬಿದ ಸಭೆಯಲ್ಲಿಯೇ ಎದ್ದು, ಈಗತಾನೆ ಕಾಲೇಜು ಬಿಟ್ಟ ಹುಡುಗಿ ಹಿರಿಯರಿಗೆ ಆಗದ ಕೆಲಸವನ್ನು ಬೋಧಿಸುತ್ತಿದ್ದಾಳೆಂದು ಹಾಸ್ಯಮಾಡಿದರು. ವಿದ್ವತ್ತಿಗೆ ಒಪ್ಪದ ಮಾತು ಅದು.

ಆಕೆ ಕೆಲಸಕ್ಕಿದ್ದ ಟೆಕ್ಸಾಸ್ ಕರಾವಳಿಯ ನೆಲದಡಿಯ ಸ್ಥಿತಿ ವಿಚಿತ್ರವಾದುದು. ಜೇಡಿಯ ಮತ್ತು ಮರಳಿನ ಪದರಗಳು ಒಂದರ ಮೇಲೊಂದು ಪೇರಿಕೊಂಡಿವೆ. ಕಣ್ಣಿಗೆ ಎಲ್ಲವೂ ಒಂದೇ ತೆರ. ಇದು ಸಾಲದೆಂಬಂತೆ ಆಳದಿಂದ ಮೇಲೆದ್ದ ಉಪ್ಪಿನ ಗುಮ್ಮಟಗಳು ಅವನ್ನು ಎತ್ತಿ ಮುರಿದಿವೆ. ಒಂದು ಬಾವಿಯಲ್ಲಿ ಬೇಗನೆ ಸಿಕ್ಕ ಪದರ ನೆರೆಯ ಬಾವಿಯಲ್ಲಿ ನೂರಾರು ಅಡಿ ಕೆಳಗಿರಬಹುದು. ದೊಡ್ಡ ಚಿಪ್ಪುಗಳನ್ನು ನೋಡಿ ಕಾಲ ಹೇಳೋಣವೆಂದರೆ ಕೊರೆಯುವ ಯಂತ್ರ ಅವನ್ನು ಪುಡಿಮಾಡಿಬಿಡುತ್ತದೆ. ಕಿರುಚಿಪ್ಪು ಮಾತ್ರ ತನ್ನ ಕಿರಿತನದಿಂದಲೇ ಉಳಿದು ಕೆಸರುನೀರಿನೊಡನೆ ಮೇಲೆ ಬರುತ್ತದೆ. ಅದನ್ನು ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಕುಂಚದಿಂದ ಒಂದೊಂದಾಗಿ ಹೆಕ್ಕಬೇಕು. ಅವಸರದವರಿಗೆ ತಕ್ಕ ಕೆಲಸವಲ್ಲ.

ಇಲ್ಲೊಂದು ತೊಡಕೂ ಉಂಟು. ಬಾವಿಯ ಗೋಡೆ ಕುಸಿದು ಮೇಲಿನ ಚಿಪ್ಪುಗಳು ಕೆಳಗಿನ ಪುಡಿಯೊಡನೆ ಬೆರೆಯುತ್ತವೆ. ಹಾಗಾಗಿ ಒಂದು ಪ್ರಭೇದ ಕೆಳಗೆ ಎಲ್ಲಿಯವರೆಗೆ ಇದೆಯೆಂಬುದನ್ನು ನಂಬುವಂತಿಲ್ಲ. ಮೇಲಿನಿಂದ ಕೊರೆಯುತ್ತ ಹೋದಾಗ ಅದು ಮೊದಲು ಕಾಣಿಸಿದ ಆಳವನ್ನೇ ಗುರುತಿಸಬೇಕು. ಕೊರೆಯುವವನು ಕಾಲದಲ್ಲಿ ಹಿಂದಕ್ಕೆ ಸಾಗುವುದರಿಂದ, ಅವನಿಗೆ ಮೊದಲು ಎದುರಾಗುವುದು ಆ ಪ್ರಭೇದದ ಹುಟ್ಟಲ್ಲ, ಅಳಿವು.

ಬೇರೆ ಬೇರೆ ಕಂಪನಿಗಳಲ್ಲಿದ್ದ ಆಲ್ವ ಎಲಿಸರ್ ಮತ್ತು ಹೆಡ್ವಿಗ್ ನೈಕರ್ ಎಂಬ ಇಬ್ಬರು ಮಹಿಳೆಯರೂ ಇದೇ ಕೆಲಸದಲ್ಲಿ ತೊಡಗಿದ್ದರು. 1925ರಲ್ಲಿ ಮೂವರೂ ಸೇರಿ ಟೆಕ್ಸಾಸ್ ಮತ್ತು ಲೂಸಿಯಾನ ಕರಾವಳಿಯ ಭೂಗತ ಸ್ತರಗಳನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಹೆಟೆರೋಸ್ಟೆಜಿನ, ಮಾರ್ಜಿನ್ಯುಲಿನ, ಡಿಸ್ಕಾರ್ಬಿಸ್ ಎಂಬ ಕಿರುಜೀವಿಗಳ ಹೆಸರುಗಳೇ ಅಲ್ಲಿನ ಸ್ತರಗಳ ಹೆಸರುಗಳಾದವು. ಅಂದು ನಕ್ಕ ಗ್ಯಾಲೋವೇ 1933ರಲ್ಲಿ ಫೊರಾಮಿನಿಫೆರಗಳನ್ನು ಕುರಿತೇ ಒಂದು ಕೈಪಿಡಿಯನ್ನು ಬರೆದರು.